ಬಾಳೆಹಣ್ಣಿನ ಅರವತ್ತಮೂರು ರಾಶಿ: ತರಗತಿಯಲ್ಲಿ ಸಮಸ್ಯೆ ಬಿಡಿಸಲು ಕಲಿಸುವುದೆಂದರೇನು

‘ಒಟ್ಟು’ ಎಂದಿದ್ದರೆ ಕೂಡು, ‘ಉಳಿದದ್ದು’ ಎಂದಿದ್ದರೆ ಕಳೆ, ‘ಸಮನಾಗಿ ಹಂಚಿದರೆ’ ಎಂದಿದ್ದರೆ ಭಾಗಿಸು. ಹೇಳಿಕೆ ಲೆಕ್ಕವೆಂದರೆ ಹೆದರುವ ಮಕ್ಕಳಿಗೆ ಧೈರ್ಯ ತುಂಬಲೆಂದು ನಮ್ಮ ಶಾಲೆಗಳಲ್ಲಿ ಹೇಳಿಕೊಡುವ ಸೂತ್ರ ಇದು. ಪಠ್ಯಪುಸ್ತಕದ ಅಭ್ಯಾಸದ ಪುಟಗಳಲ್ಲಿ ಇದು ಬಹುಮಟ್ಟಿಗೆ ಕೈಕೊಡುವುದಿಲ್ಲ. ಸಂಕಲನದ ಪಾಠದ ಕೊನೆಯಲ್ಲಿ ಸಂಕಲನದ ಲೆಕ್ಕಗಳೇ ಇರುತ್ತವೆ ಎಂಬುದು ಮಕ್ಕಳಿಗೂ ಗೊತ್ತು. ಈಗ ಮೂರನೇ ತರಗತಿಯ ಮಗುವಿಗೆ ಈ ಲೆಕ್ಕ ಕೊಟ್ಟು ನೋಡಿ: ‘ಲಕ್ಷ್ಮಿ ತನ್ನ ಬಳಿಯಿದ್ದ ಪೇರಲೆ ಹಣ್ಣುಗಳಲ್ಲಿ 8 ಹಣ್ಣುಗಳನ್ನು ತಂಗಿಗೆ ಕೊಟ್ಟಳು. ಈಗ ಅವಳ ಬಳಿ 15 ಹಣ್ಣುಗಳು ಉಳಿದಿವೆ. ಮೊದಲು ಅವಳ ಬಳಿ ಎಷ್ಟು ಹಣ್ಣುಗಳಿದ್ದವು?’ ‘ಕೊಟ್ಟಳು’ ಎಂಬುದೂ ‘ಉಳಿದಿವೆ’ ಎಂಬುದೂ ಸೂತ್ರದ ಪ್ರಕಾರ ಕಳೆಯುವ ಪದಗಳೇ. ಸೂತ್ರವನ್ನು ನಂಬಿದ ಮಗು 7 ಎಂದು ಬರೆಯುತ್ತದೆ. ತಂಗಿಗೆ ಎಂಟು ಹಣ್ಣು ಕೊಟ್ಟ ಅಕ್ಕನ ಬಳಿ ಮೊದಲು ಏಳೇ ಇದ್ದವು ಎಂಬ ಮಾತಿನಲ್ಲಿರುವ ಅಸಂಗತ ಅದಕ್ಕೆ ಕಾಣುವುದಿಲ್ಲ, ಏಕೆಂದರೆ ಅದು ಲಕ್ಷ್ಮಿಯ ಕಥೆಯನ್ನು ಓದಿಯೇ ಇಲ್ಲ. ಎರಡು ಸಂಖ್ಯೆಗಳನ್ನೂ ಒಂದು ಸುಳಿವಿನ ಪದವನ್ನೂ ಹುಡುಕಿದೆ, ಅಷ್ಟೆ.

ಈ ಅಭ್ಯಾಸ ನಮ್ಮಲ್ಲಿ ಮಾತ್ರ ಇರುವುದಲ್ಲ. 1970ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದ ಗಣಿತ ಶಿಕ್ಷಣ ಸಂಶೋಧಕರು ಕೆಳ ತರಗತಿಗಳ 97 ಮಕ್ಕಳಿಗೆ ಒಂದು ವಿಚಿತ್ರ ಪ್ರಶ್ನೆ ಕೇಳಿದರು: ‘ಹಡಗಿನಲ್ಲಿ 26 ಕುರಿಗಳೂ 10 ಆಡುಗಳೂ ಇವೆ. ಕಪ್ತಾನನ ವಯಸ್ಸೆಷ್ಟು?’ ಅವರಲ್ಲಿ 76 ಮಕ್ಕಳು ಕೊಟ್ಟ ಸಂಖ್ಯೆಗಳನ್ನೇ ಬಳಸಿ ಉತ್ತರ ಹೇಳಿದರು. ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ ರಾಷ್ಟ್ರಮಟ್ಟದ ಪರೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ ಕೇಳಿದ ಪ್ರಶ್ನೆ ಅಷ್ಟು ವಿಚಿತ್ರವೇನಲ್ಲ: ‘ಸೇನೆಯ ಒಂದು ಬಸ್ಸಿನಲ್ಲಿ 36 ಸೈನಿಕರು ಕೂರಬಹುದು. 1,128 ಸೈನಿಕರನ್ನು ಕರೆದೊಯ್ಯಲು ಎಷ್ಟು ಬಸ್ಸುಗಳು ಬೇಕು?’ ಸುಮಾರು ಶೇಕಡ 70ರಷ್ಟು ಮಕ್ಕಳು ಭಾಗಾಕಾರವನ್ನು ತಪ್ಪಿಲ್ಲದೆ ಮಾಡಿದರು. ಆದರೆ ಶೇಕಡ 29 ಮಂದಿ ‘31, ಶೇಷ 12’ ಎಂದೂ, ಶೇಕಡ 18 ಮಂದಿ ‘31’ ಎಂದೂ ಬರೆದರು. ‘32’ ಎಂದು ಬರೆದವರು ಶೇಕಡ 23 ಮಾತ್ರ. ಲೆಕ್ಕ ಮಾಡುವುದನ್ನು ಶಾಲೆ ಚೆನ್ನಾಗಿಯೇ ಕಲಿಸಿತ್ತು. ಶೇಷವಾಗಿ ಉಳಿದ 12 ಎಂಬುದು ರಸ್ತೆಯ ಬದಿಯಲ್ಲಿ ನಿಂತ ಹನ್ನೆರಡು ಜನ ಎಂಬುದನ್ನು ಮಾತ್ರ ಕಲಿಸಿರಲಿಲ್ಲ.

ಇಲ್ಲಿ ಎರಡು ಪದಗಳನ್ನು ಬೇರ್ಪಡಿಸಿಕೊಳ್ಳುವುದು ಅಗತ್ಯ. ದಾರಿ ಮೊದಲೇ ಗೊತ್ತಿದ್ದು, ಆ ದಾರಿಯಲ್ಲಿ ನಡೆದು ಕೈಪಳಗಿಸಿಕೊಳ್ಳುವುದು ಅಭ್ಯಾಸ. ದಾರಿ ಯಾವುದೆಂದು ತಿಳಿಯದೆ ನಿಂತುಕೊಳ್ಳುವ ಸ್ಥಿತಿ ಸಮಸ್ಯೆ. ಹೀಗೆ ನೋಡಿದರೆ ಸಮಸ್ಯೆ ಎಂಬುದು ಪುಸ್ತಕದ ಪುಟದಲ್ಲಿ ಇರುವ ವಸ್ತುವಲ್ಲ, ಲೆಕ್ಕಕ್ಕೂ ಮಗುವಿಗೂ ನಡುವೆ ಇರುವ ಸಂಬಂಧ; 12ನ್ನು 4 ಮಕ್ಕಳಿಗೆ ಹಂಚುವುದು ಒಂದನೇ ತರಗತಿಯ ಮಗುವಿಗೆ ಸಮಸ್ಯೆ, ಐದನೆಯ ತರಗತಿಗೆ ಬಾಯಿಲೆಕ್ಕ. ಶಿಕ್ಷಕರು ಹಲಗೆಯ ಮೇಲೆ ಒಂದು ಮಾದರಿ ಲೆಕ್ಕ ಬಿಡಿಸಿ, ಅದೇ ಬಗೆಯ ಹತ್ತನ್ನು ಮಕ್ಕಳಿಂದ ಬಿಡಿಸಿದರೆ ಅದು ಅಭ್ಯಾಸವೇ ಹೊರತು ಸಮಸ್ಯೆ ಬಿಡಿಸುವುದಲ್ಲ, ಲೆಕ್ಕದ ಸುತ್ತ ಎಷ್ಟೇ ಬಣ್ಣದ ಕಥೆ ಹೆಣೆದಿದ್ದರೂ ಸರಿ. ಅಭ್ಯಾಸ ಬೇಡವೆಂದು ಇದರ ಅರ್ಥವಲ್ಲ, ಆ ಮಾತಿಗೆ ಮುಂದೆ ಬರುತ್ತೇನೆ. ನಮ್ಮ ಗಣಿತದ ಪಿರಿಯಡ್ಡುಗಳಲ್ಲಿ ಎರಡನೆಯದು ಬಹುತೇಕ ನಡೆಯುವುದೇ ಇಲ್ಲ ಎಂಬುದಷ್ಟೇ ನನ್ನ ಆಕ್ಷೇಪ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಆಲೋಚನೆಯನ್ನೇ ಗಣಿತೀಯವಾಗಿಸುವುದು ಗಣಿತ ಶಿಕ್ಷಣದ ಮುಖ್ಯ ಗುರಿ ಎಂದು ಸ್ಪಷ್ಟವಾಗಿಯೇ ಹೇಳಿತ್ತು. ಗುರಿಯ ಬಗ್ಗೆ ಜಗಳವಿಲ್ಲ. ನಲವತ್ತು ನಿಮಿಷದಲ್ಲಿ, ನಲವತ್ತು ಮಕ್ಕಳ ಮುಂದೆ ಅದನ್ನು ಮಾಡುವುದು ಹೇಗೆ ಎಂಬುದೇ ಪ್ರಶ್ನೆ.

ಮೊದಲ ಹೆಜ್ಜೆ ಓದು. ಗಣಿತದಲ್ಲಿ ಹಿಂದುಳಿದಿದೆ ಎಂದು ನಾವು ತೀರ್ಮಾನಿಸಿದ ಎಷ್ಟೋ ಮಕ್ಕಳ ತೊಡಕು ಗಣಿತದ್ದಲ್ಲ, ವಾಕ್ಯದ್ದು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಯಲ್ಲಿ ಬರುತ್ತದೆ. ‘ರಮೇಶನು ಸಂತೆಯಲ್ಲಿ ತನ್ನ ಅಣ್ಣನಿಗೆ 250 ರೂಪಾಯಿಗಳನ್ನು’ ಎಂಬಲ್ಲಿಗೆ ಬಂದರೂ ಆ ಹಣದ ಗತಿಯೇನಾಯಿತೆಂದು ಖಚಿತವಾಗುವುದಿಲ್ಲ. ಮುಂದೆ ‘ಕೊಟ್ಟನು’ ಎಂದೂ ಇರಬಹುದು, ‘ಕೊಡಬೇಕಾಗಿತ್ತು’ ಎಂದೂ ಇರಬಹುದು. ಅಕ್ಷರ ಕೂಡಿಸಿ ಓದುವ ಮಗು ವಾಕ್ಯದ ತುದಿ ತಲುಪುವ ಹೊತ್ತಿಗೆ ಮೊದಲಿನದನ್ನು ಮರೆತಿರುತ್ತದೆ, ಸಂಖ್ಯೆಯೊಂದೇ ನೆನಪಿನಲ್ಲಿ ಉಳಿದಿರುತ್ತದೆ. ‘ಅಣ್ಣನಿಗೆ’ ಮತ್ತು ‘ಅಣ್ಣನಿಂದ’ ಎಂಬ ಎರಡು ವಿಭಕ್ತಿ ಪ್ರತ್ಯಯಗಳ ನಡುವೆ ಇಡೀ ಲೆಕ್ಕ ಕೂಡುವುದರಿಂದ ಕಳೆಯುವುದಕ್ಕೆ ತಿರುಗುತ್ತದೆ. ‘ಗಿಂತ’ ಎಂಬ ಪ್ರತ್ಯಯವಂತೂ ಹೋಲಿಕೆಯ ಲೆಕ್ಕಗಳಲ್ಲಿ ದೊಡ್ಡವರನ್ನೂ ಎಡವಿಸುತ್ತದೆ: ‘ರವಿಯ ಬಳಿ 12 ಗೋಲಿಗಳಿವೆ, ಅವು ಸಲ್ಮಾನನ ಗೋಲಿಗಳಿಗಿಂತ 5 ಹೆಚ್ಚು, ಸಲ್ಮಾನನ ಬಳಿ ಎಷ್ಟಿವೆ?’ ‘ಹೆಚ್ಚು’ ಎಂಬ ಪದ ಕಣ್ಣಿಗೆ ಬಿದ್ದೊಡನೆ 17 ಎಂಬ ಉತ್ತರ ಬಾಯಿಗೆ ಬರುತ್ತದೆ.

ಇದರ ಮೇಲೆ ಪುಸ್ತಕದ ಕನ್ನಡದ ಭಾರ ಬೇರೆ. ‘ತಲಾ’, ‘ಕ್ರಮವಾಗಿ’, ‘ಪ್ರತಿಯೊಂದರ’, ‘ಅನುಪಾತದಲ್ಲಿ’ ಎಂಬ ಪದಗಳನ್ನು ಯಾವ ಮಗುವೂ ಮನೆಯಲ್ಲಿ ಕೇಳಿರುವುದಿಲ್ಲ. ‘ತಲಾ’ ಎಂದರೆ ‘ತಲೆಗೆ ಇಷ್ಟು’, ‘ಒಬ್ಬೊಬ್ಬರಿಗೂ ಇಷ್ಟು’ ಎಂದು ಒಂದು ಸಲ ಬಿಡಿಸಿ ಹೇಳಿದರೆ ಸಾಕು, ಮುಂದಿನ ಹತ್ತು ಲೆಕ್ಕ ಸಲೀಸಾಗುತ್ತವೆ. ಆದ್ದರಿಂದ ಹೇಳಿಕೆ ಲೆಕ್ಕವನ್ನು ಬಿಡಿಸುವ ಮೊದಲು ಪೆನ್ಸಿಲ್ ಕೆಳಗಿಡಿಸಿ, ಒಬ್ಬ ಹುಡುಗನೋ ಹುಡುಗಿಯೋ ಎದ್ದು ನಿಂತು ಲೆಕ್ಕದಲ್ಲಿ ಏನಾಯಿತೆಂದು ತನ್ನ ಮನೆಮಾತಿನಲ್ಲೇ ಹೇಳುವಂತೆ ಮಾಡುವುದು ವ್ಯರ್ಥ ಕಾಲಹರಣವಲ್ಲ. ಧಾರವಾಡದ ಮಗು ‘ಈಗ ಎಷ್ಟು ಅದಾವ’ ಎಂದೂ ಪುತ್ತೂರಿನ ಮಗು ‘ಈಗ ಎಷ್ಟುಂಟು’ ಎಂದೂ ಹೇಳಿದ ಗಳಿಗೆಯಲ್ಲಿ ಲೆಕ್ಕ ಪುಸ್ತಕದಿಂದ ಇಳಿದು ಮಗುವಿನದಾಗುತ್ತದೆ. 2019ರಿಂದ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದ ಮೇಲೆ ಈ ಕೆಲಸದ ಅಗತ್ಯ ಹೆಚ್ಚಿದೆ. ಭಾಷೆ ಅರ್ಥವಾಗದ ಮಗುವಿಗೆ ಸುಳಿವಿನ ಪದ ಹುಡುಕುವುದರ ಹೊರತು ಬೇರೆ ದಾರಿಯೇ ಇರುವುದಿಲ್ಲ.

ಇನ್ನೊಂದು ಉಪಾಯ ಇನ್ನೂ ಸರಳ: ಲೆಕ್ಕದಿಂದ ಸಂಖ್ಯೆಗಳನ್ನು ತೆಗೆದುಬಿಡುವುದು. ‘ಒಂದು ಬಸ್ಸು ಮೈಸೂರಿನಿಂದ ಹೊರಟಿತು. ಅದರಲ್ಲಿ ಕೆಲವರು ಕುಳಿತಿದ್ದರು. ಮಂಡ್ಯದಲ್ಲಿ ಕೆಲವರು ಇಳಿದರು, ಇನ್ನು ಕೆಲವರು ಹತ್ತಿದರು.’ ಇಷ್ಟನ್ನು ಹೇಳಿ, ಇದರಿಂದ ಯಾವ ಯಾವ ಪ್ರಶ್ನೆ ಕೇಳಬಹುದು ಎಂದು ಕೇಳಿದರೆ, ಕೂಡಲು ಕಳೆಯಲು ಏನೂ ಸಿಗದ ಮಕ್ಕಳು ಅನಿವಾರ್ಯವಾಗಿ ಬಸ್ಸಿನೊಳಗೆ ನೋಡತೊಡಗುತ್ತಾರೆ. ಹತ್ತಿದವರೇ ಹೆಚ್ಚಾಗಿದ್ದರೆ ಏನಾಗುತ್ತದೆ, ಇಳಿದವರೇ ಹೆಚ್ಚಾಗಿದ್ದರೆ ಏನಾಗುತ್ತದೆ ಎಂಬ ಮಾತು ಬಂದ ಮೇಲೆ ಸಂಖ್ಯೆಗಳನ್ನು ಕೊಟ್ಟರೆ ಸಾಕು.

ಸಮಸ್ಯೆ ಬಿಡಿಸುವ ಬಗೆಯನ್ನು ಕುರಿತು ಮಾತನಾಡುವ ಯಾರೂ ಜಾರ್ಜ್ ಪೋಲ್ಯ ಅವರನ್ನು ದಾಟಿ ಹೋಗಲಾರರು. ಬುಡಾಪೆಸ್ಟಿನಲ್ಲಿ 1887ರಲ್ಲಿ ಹುಟ್ಟಿ, ಜ್ಯೂರಿಕ್‌ನಲ್ಲೂ ಮುಂದೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲೂ ಕಲಿಸಿದ ಈ ಗಣಿತಜ್ಞರು 1945ರಲ್ಲಿ ಪ್ರಕಟಿಸಿದ ಚಿಕ್ಕ ಪುಸ್ತಕದಲ್ಲಿ ನಾಲ್ಕು ಹಂತಗಳನ್ನು ಹೇಳಿದರು: ಸಮಸ್ಯೆಯನ್ನು ಅರ್ಥಮಾಡಿಕೊಳ್ಳುವುದು, ಉಪಾಯ ಹೂಡುವುದು, ಅದನ್ನು ನಡೆಸುವುದು, ಹಿಂದಿರುಗಿ ನೋಡುವುದು. ಬಿ.ಎಡ್. ಓದಿದವರೆಲ್ಲ ಇದನ್ನು ಪರೀಕ್ಷೆಗೆ ಬರೆದವರೇ. ತೊಂದರೆಯೆಂದರೆ, ಈ ನಾಲ್ಕು ಹಂತಗಳನ್ನೇ ಇನ್ನೊಂದು ಸೂತ್ರದಂತೆ ಗೋಡೆಗೆ ಬರೆಸಿ ಮಕ್ಕಳಿಂದ ಬಾಯಿಪಾಠ ಮಾಡಿಸುವ ರೂಢಿಯೂ ಹುಟ್ಟಿಕೊಂಡಿದೆ. ಪೋಲ್ಯ ಅವರ ಪುಸ್ತಕದ ನಿಜವಾದ ಸತ್ವ ಹಂತಗಳ ಪಟ್ಟಿಯಲ್ಲಿಲ್ಲ, ಅವರು ವಿದ್ಯಾರ್ಥಿಗೆ ಹಾಕುವ ಪ್ರಶ್ನೆಗಳಲ್ಲಿದೆ: ನಮಗೆ ಗೊತ್ತಿಲ್ಲದ್ದು ಯಾವುದು, ಗೊತ್ತಿರುವುದು ಯಾವುದು, ಇದನ್ನು ಹೋಲುವ ಇನ್ನೊಂದು ಲೆಕ್ಕವನ್ನು ನೋಡಿದ್ದೇವೆಯೇ, ಇದು ಆಗದಿದ್ದರೆ ಇದಕ್ಕಿಂತ ಸುಲಭವಾದುದನ್ನು ಬಿಡಿಸಬಹುದೇ. ಈ ಪ್ರಶ್ನೆಗಳು ತರಗತಿಯಲ್ಲಿ ಹೇಗೆ ಕೆಲಸ ಮಾಡುತ್ತವೆಂದು ತೋರಿಸಲು ಒಂದು ಲೆಕ್ಕವನ್ನೇ ಹತ್ತಿರದಿಂದ ನೋಡೋಣ. ಅದಕ್ಕಾಗಿ ಬುಡಾಪೆಸ್ಟಿಗೆ ಹೋಗಬೇಕಾಗಿಲ್ಲ.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಒಂದು ಲೆಕ್ಕ ಬರುತ್ತದೆ. ಹಣ್ಣಿನ ಮರಗಳಿಂದ ತುಂಬಿದ ಕಾಡಿನ ಅಂಚಿಗೆ ದಣಿದ ಪ್ರಯಾಣಿಕರು ಬರುತ್ತಾರೆ. ಅಲ್ಲಿ ಬಾಳೆಹಣ್ಣಿನ 63 ಸಮ ರಾಶಿಗಳಿವೆ, ಜೊತೆಗೆ ಬಿಡಿಯಾಗಿ 7 ಹಣ್ಣುಗಳಿವೆ. ಎಲ್ಲವನ್ನೂ 23 ಪ್ರಯಾಣಿಕರಿಗೆ ಸಮನಾಗಿ ಹಂಚಿದಾಗ ಒಂದೂ ಉಳಿಯಲಿಲ್ಲ. ಹಾಗಾದರೆ ಒಂದು ರಾಶಿಯಲ್ಲಿ ಎಷ್ಟು ಹಣ್ಣು? ಗ್ರಂಥದಲ್ಲಿ ಇದು ಬರುವುದು ‘ಕುಟ್ಟೀಕಾರ’ ಎಂಬ ವಿಧಾನದ ಉದಾಹರಣೆಯಾಗಿ. ಕುಟ್ಟಿ ಕುಟ್ಟಿ ಸಣ್ಣದು ಮಾಡುವುದು ಎಂಬ ಅರ್ಥ ಕನ್ನಡದ ಕಿವಿಗೆ ತಾನಾಗಿಯೇ ಕೇಳಿಸುತ್ತದೆ. ಆ ವಿಧಾನ ಆರನೇ ತರಗತಿಯ ಮಗುವಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಈ ಲೆಕ್ಕ ಅದಕ್ಕೆ ನಿಜವಾದ ಸಮಸ್ಯೆಯಾಗುವುದು ಅದರಿಂದಲೇ. ಬೇಕಾದ ಸಲಕರಣೆ ಮಾತ್ರ ಎಲ್ಲವೂ ಅದರ ಕೈಯಲ್ಲಿದೆ: ಗುಣಾಕಾರ, ಕೂಡುವುದು, ಭಾಗಾಕಾರ, ಶೇಷ.

ಲೆಕ್ಕವನ್ನು ಹಲಗೆಯ ಮೇಲೆ ಬರೆದು, ಮೇಲೆ ಹೇಳಿದಂತೆ ಕಥೆಯನ್ನು ಮಕ್ಕಳ ಬಾಯಲ್ಲಿ ಹೇಳಿಸಿದ ಮೇಲೆ ಶಿಕ್ಷಕರು ಮಾಡಬೇಕಾದ ಅತಿ ಕಷ್ಟದ ಕೆಲಸ ಸುಮ್ಮನಿರುವುದು. ಐದು ನಿಮಿಷದ ಮೌನ ತರಗತಿಯಲ್ಲಿ ಅರ್ಧ ಗಂಟೆಯಂತೆ ತೋರುತ್ತದೆ. ‘ಭಾಗಾಕಾರ ಮಾಡಿ ನೋಡ್ರೋ’ ಎಂಬ ಒಂದೇ ಮಾತು ಸಾಕು, ಸಮಸ್ಯೆ ಅಲ್ಲಿಗೆ ಅಭ್ಯಾಸವಾಗಿಬಿಡುತ್ತದೆ. ಮೌನದ ಕೊನೆಯಲ್ಲಿ ಮೊದಲು ಬರುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ‘63ಕ್ಕೆ 7 ಕೂಡಿದರೆ 70, 70ನ್ನು 23ರಿಂದ ಭಾಗಿಸಿದರೆ 3 ಬಂದು 1 ಉಳಿಯುತ್ತದೆ, ಲೆಕ್ಕವೇ ತಪ್ಪಾಗಿದೆ ಸಾರ್.’ ಮಗು 63 ರಾಶಿಗಳನ್ನು 63 ಹಣ್ಣುಗಳೆಂದು ಓದಿದೆ. ‘ತಪ್ಪು, ಕೂತ್ಕೋ’ ಎನ್ನುವುದು ನಮ್ಮ ರೂಢಿ. ಅದರ ಬದಲು, ‘ಹಾಗೆ ಮಾಡುವಾಗ ಒಂದೊಂದು ರಾಶಿಯಲ್ಲಿ ಎಷ್ಟು ಹಣ್ಣಿವೆ ಎಂದುಕೊಂಡೆ?’ ಎಂದು ಕೇಳಿದರೆ, ಮಗು ಸ್ವಲ್ಪ ಯೋಚಿಸಿ ‘ಒಂದು’ ಎನ್ನುತ್ತದೆ. ಆ ಉತ್ತರದೊಂದಿಗೆ ತಪ್ಪಾಗಿದ್ದುದು ಪಟ್ಟಿಯ ಮೊದಲ ಸಾಲಾಗುತ್ತದೆ: ರಾಶಿಗೆ 1 ಹಣ್ಣಾದರೆ ಒಟ್ಟು 70, ಶೇಷ 1. ‘ಒಂದಾಗಿದ್ದರೆ ಆಗುವುದಿಲ್ಲ ಎಂದು ತೋರಿಸಿಕೊಟ್ಟೆಯಲ್ಲ, ಹಾಗಾದರೆ ಇನ್ನೆಷ್ಟಿರಬಹುದು?’ ಎಂಬುದು ಮುಂದಿನ ಪ್ರಶ್ನೆ. ನನ್ನ ಮಟ್ಟಿಗೆ ಇಡೀ ಕಲೆ ಈ ಒಂದು ತಿರುವಿನಲ್ಲಿದೆ: ತಪ್ಪನ್ನು ಅಳಿಸದೆ, ಅದು ಯಾವ ಪ್ರಶ್ನೆಗೆ ಸರಿಯುತ್ತರ ಎಂದು ಹುಡುಕುವುದು.

ಇನ್ನು ಮಕ್ಕಳು ತಾವಾಗಿಯೇ ನಡೆಯುತ್ತಾರೆ. ರಾಶಿಗೆ 2 ಎಂದರೆ ಒಟ್ಟು 133, ಶೇಷ 18. ರಾಶಿಗೆ 3 ಎಂದರೆ 196, ಶೇಷ 12. ರಾಶಿಗೆ 4 ಎಂದರೆ 259, ಶೇಷ 6. ಇಲ್ಲಿಗೆ ಬಂದಾಗ ತರಗತಿಯ ಒಂದು ಮೂಲೆಯಿಂದ ‘ಮುಂದಿನದು ಸೊನ್ನೆ’ ಎಂಬ ಕೂಗು ಬರಬೇಕು, ಬಾರದಿದ್ದರೆ ಶೇಷಗಳ ಸಾಲನ್ನೇ ಬೆರಳಿನಿಂದ ತೋರಿಸಿ ಕಾಯಬೇಕು. 63ನ್ನು 5ರಿಂದ ಗುಣಿಸಿ 7 ಕೂಡಿದರೆ 322. ಅದು 23ರ ಹದಿನಾಲ್ಕರಷ್ಟು. ಒಂದು ರಾಶಿಯಲ್ಲಿ 5 ಹಣ್ಣು, ಒಬ್ಬೊಬ್ಬರಿಗೆ 14 ಹಣ್ಣು.

ಉತ್ತರ ಸಿಕ್ಕಿತು, ಗಂಟೆ ಹೊಡೆಯಲು ಇನ್ನೂ ಹದಿನೈದು ನಿಮಿಷವಿದೆ. ಇನ್ನೊಂದು ಲೆಕ್ಕ ಕೊಡುವ ಆಸೆಯನ್ನು ಹತ್ತಿಕ್ಕಿ ಇದೇ ಲೆಕ್ಕದಲ್ಲಿ ನಿಂತರೆ ನಿಜವಾದ ಗಣಿತ ಶುರುವಾಗುತ್ತದೆ. ಶೇಷ ಪ್ರತಿ ಸಲ 6 ಕಡಿಮೆಯಾಗುವುದೇಕೆ? ಒಂದೊಂದು ರಾಶಿಗೂ ಒಂದೊಂದು ಹಣ್ಣು ಸೇರಿಸಿದರೆ ಒಟ್ಟಿಗೆ 63 ಹಣ್ಣು ಹೆಚ್ಚಾದವು. 23 ಜನರಿಗೆ ತಲಾ 3ರಂತೆ ಕೊಡಲು 69 ಬೇಕು. ಆರು ಸಾಲದು, ಆ ಆರನ್ನು ಮೊದಲು ಉಳಿದಿದ್ದ ಹಣ್ಣುಗಳಿಂದ ತುಂಬಿಸಬೇಕು, ಆದ್ದರಿಂದ ಶೇಷ ಆರರಷ್ಟು ಇಳಿಯುತ್ತದೆ. ಹಾಗಾದರೆ ಮೊದಲ ಹೆಜ್ಜೆಯಲ್ಲಿ 1 ಇದ್ದುದು 18ಕ್ಕೆ ಏರಿದ್ದೇಕೆ? ಉಳಿದದ್ದು ಒಂದೇ, ಬೇಕಾದದ್ದು ಆರು, ಐದು ಕೊರತೆ. ಎಲ್ಲರಿಂದಲೂ ಒಂದೊಂದು ಹಣ್ಣು ವಾಪಸು ಪಡೆದರೆ 23 ಬಂದು, ಕೊರತೆಯ 5 ಕಳೆದು 18 ಉಳಿಯುತ್ತದೆ. ಇದನ್ನು ಹಲಗೆಯ ಮುಂದೆ ನಿಂತು ತಡವರಿಸುತ್ತ ವಿವರಿಸಿದ ಮಗುವಿಗೆ ಶೇಷವೆಂದರೆ ಭಾಗಾಕಾರದ ಕೆಳಗೆ ಬರೆಯುವ ಅಂಕಿಯಲ್ಲ, ಹಂಚಿ ಮಿಕ್ಕ ಹಣ್ಣು. ಕೊನೆಯ ಪ್ರಶ್ನೆಯನ್ನು ಮನೆಗೆ ಕಳಿಸಬಹುದು: ಐದೊಂದೇ ಉತ್ತರವೇ? ಐದೇ ಹಣ್ಣಿದ್ದರೆ ಅದನ್ನು ರಾಶಿ ಎಂದು ಯಾರು ಕರೆಯುತ್ತಾರೆ, ಒಂದು ಚಿಪ್ಪಿನಲ್ಲೇ ಅದಕ್ಕಿಂತ ಹೆಚ್ಚಿರುತ್ತದಲ್ಲ ಎಂದು ಯಾವುದಾದರೂ ಮಗು ಕೇಳಿದರೆ ಅದನ್ನು ತಮಾಷೆ ಎಂದು ತಳ್ಳಿಹಾಕಬಾರದು. ಹುಡುಕುತ್ತ ಹೋದವರಿಗೆ 28 ಸಿಗುತ್ತದೆ: 63ನ್ನು 28ರಿಂದ ಗುಣಿಸಿ 7 ಕೂಡಿದರೆ 1,771, ಒಬ್ಬೊಬ್ಬರಿಗೆ 77 ಹಣ್ಣು. 5ಕ್ಕೂ 28ಕ್ಕೂ ಇರುವ ಅಂತರ 23 ಎಂಬುದು ಆಕಸ್ಮಿಕವಲ್ಲ ಎಂಬುದನ್ನು ಅವರೇ ಕಂಡುಕೊಳ್ಳಲಿ.

ಇಂಥ ಪಾಠದಲ್ಲಿ ಶಿಕ್ಷಕರು ಬೆಂಚುಗಳ ನಡುವೆ ಅಡ್ಡಾಡುವಾಗ ಏನು ಮಾಡಬೇಕು ಎಂಬುದಕ್ಕೆ ಎರಡು ಕಡೆಯಿಂದ ಉಪಯುಕ್ತ ಸೂಚನೆಗಳಿವೆ. ಅಮೆರಿಕದಲ್ಲಿ ಅಲನ್ ಶೋನ್‌ಫೆಲ್ಡ್ ಎಂಬ ಗಣಿತ ಶಿಕ್ಷಣ ಸಂಶೋಧಕರು ವಿದ್ಯಾರ್ಥಿಗಳು ಸಮಸ್ಯೆ ಬಿಡಿಸುವುದನ್ನು ಚಿತ್ರೀಕರಿಸಿ ನೋಡಿದಾಗ, ಅವರು ಕೈಗೆ ಸಿಕ್ಕ ಮೊದಲ ದಾರಿಯನ್ನು ಹಿಡಿದು, ಅದು ಎಲ್ಲಿಗೂ ಹೋಗದಿದ್ದರೂ ಕೊನೆಯವರೆಗೆ ಅದರಲ್ಲೇ ನಡೆಯುವುದು ಕಂಡುಬಂತು. ಅನುಭವಿ ಗಣಿತಜ್ಞರಾದರೋ ನಡುನಡುವೆ ನಿಂತು, ದಾರಿ ಸರಿಯಿದೆಯೇ ಎಂದು ಯೋಚಿಸಿ, ಬೇಡವೆನಿಸಿದರೆ ಬಿಟ್ಟುಬರುತ್ತಿದ್ದರು. ಆದ್ದರಿಂದ ಶೋನ್‌ಫೆಲ್ಡ್ ತಮ್ಮ ತರಗತಿಯಲ್ಲಿ ಮತ್ತೆ ಮತ್ತೆ ಮೂರು ಪ್ರಶ್ನೆ ಕೇಳುತ್ತಿದ್ದರು: ಈಗ ಏನು ಮಾಡುತ್ತಿದ್ದೀರಿ? ಏಕೆ ಮಾಡುತ್ತಿದ್ದೀರಿ? ಅದು ಸಿಕ್ಕರೆ ಮುಂದೆ ಏನು ಉಪಯೋಗ? ಮೊದಮೊದಲು ಮಕ್ಕಳು ತಬ್ಬಿಬ್ಬಾಗುತ್ತಾರೆ, ಏಕೆಂದರೆ ನಮ್ಮಲ್ಲಿ ಶಿಕ್ಷಕರು ‘ಏಕೆ’ ಎಂದು ಕೇಳಿದರೆ ಉತ್ತರ ತಪ್ಪಾಗಿದೆ ಎಂದೇ ಅರ್ಥ. ಸರಿಯಾಗಿ ಮಾಡಿದವರನ್ನೂ ಅದೇ ದನಿಯಲ್ಲಿ ಕೇಳತೊಡಗಿದರೆ ಆ ಹೆದರಿಕೆ ಹೋಗುತ್ತದೆ.

ಎರಡನೆಯ ಸೂಚನೆ ಜಪಾನಿನದು. ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಒಂದು ಇಡೀ ಪಿರಿಯಡ್ಡನ್ನು ಒಂದೇ ಸಮಸ್ಯೆಗೆ ಕೊಡುವುದು ಅಪರೂಪವಲ್ಲ. ಮಕ್ಕಳು ಬಿಡಿಸುತ್ತಿರುವಾಗ ಶಿಕ್ಷಕರು ಸುತ್ತಾಡುತ್ತ, ಯಾರು ಯಾವ ದಾರಿ ಹಿಡಿದಿದ್ದಾರೆಂದು ಕೈಯಲ್ಲಿರುವ ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಬಳಿಕ ಯಾರನ್ನು ಮೊದಲು, ಯಾರನ್ನು ಆಮೇಲೆ ಹಲಗೆಯ ಬಳಿಗೆ ಕರೆಯಬೇಕೆಂದು ತೀರ್ಮಾನಿಸುತ್ತಾರೆ. ಎಲ್ಲರ ದಾರಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನಡೆಸುವ ಚರ್ಚೆಗೆ ಅಲ್ಲಿ ‘ನೆರಿಯಾಗೆ’ ಎಂಬ ಹೆಸರಿದೆ, ಅಂದರೆ ಹಿಟ್ಟನ್ನು ನಾದಿದಂತೆ ನಾದುವುದು. ನಮ್ಮ ಬಾಳೆಹಣ್ಣಿನ ಲೆಕ್ಕದಲ್ಲಿ 70 ಎಂದವರನ್ನು ಮೊದಲು, ಪಟ್ಟಿ ಮಾಡಿದವರನ್ನು ಆಮೇಲೆ, ಆರರ ಇಳಿಕೆಯನ್ನು ಕಂಡವರನ್ನು ಕೊನೆಗೆ ಕರೆಯಬೇಕಾಗುತ್ತದೆ. ತರಗತಿಯ ಜಾಣ ಹುಡುಗಿಯನ್ನೇ ಮೊದಲು ಕರೆದು ಲೆಕ್ಕ ಮುಗಿಸಿದರೆ ಉಳಿದವರು ನಾದಬೇಕಾದ ಹಿಟ್ಟನ್ನು ಅವಳೊಬ್ಬಳೇ ಬೇಯಿಸಿ ಬಡಿಸಿದಂತಾಗುತ್ತದೆ.

ಪಟ್ಟಿ ಮಾಡುವುದರಂತೆಯೇ ಚಿತ್ರ ಬರೆಯುವುದೂ ಕಲಿಸಬಹುದಾದ ಉಪಾಯ. 1980ರ ದಶಕದಲ್ಲಿ ಸಿಂಗಪುರದ ಶಾಲೆಗಳಲ್ಲಿ ರೂಪುಗೊಂಡ ಪಟ್ಟೆಚಿತ್ರದ ವಿಧಾನ ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ‘ರೈತರೊಬ್ಬರು ಸಂತೆಗೆ ತಂದ ತೆಂಗಿನಕಾಯಿಗಳಲ್ಲಿ ಐದನೇ ಎರಡು ಭಾಗವನ್ನು ಬೆಳಿಗ್ಗೆ ಮಾರಿದರು, ಉಳಿದುದರಲ್ಲಿ ಅರ್ಧವನ್ನು ಮಧ್ಯಾಹ್ನ ಮಾರಿದರು, ಇನ್ನೂ 36 ಕಾಯಿಗಳಿವೆ. ತಂದದ್ದೆಷ್ಟು?’ ಭಿನ್ನರಾಶಿಗಳನ್ನು ಗುಣಿಸುವ ನಿಯಮ ನೆನಪಿಲ್ಲದ ಮಗುವೂ ಒಂದು ಉದ್ದನೆಯ ಪಟ್ಟೆ ಎಳೆದು, ಐದು ಸಮ ಮನೆಗಳನ್ನು ಮಾಡಿ, ಎರಡನ್ನು ಗೀಟೆಳೆದು ತುಂಬಬಹುದು. ಉಳಿದ ಮೂರು ಮನೆಗಳಲ್ಲಿ ಅರ್ಧವೆಂದರೆ ಒಂದೂವರೆ ಮನೆ. ಒಂದೂವರೆ ಮನೆ 36 ಆದರೆ ಅರ್ಧ ಮನೆ 12, ಒಂದು ಮನೆ 24, ಐದು ಮನೆ 120. ‘ಒಂದೂವರೆ’, ‘ಮುಕ್ಕಾಲು’ ಎಂಬ ಪದಗಳು ಮಗುವಿನ ಬಾಯಲ್ಲಿ ಶಾಲೆಗೆ ಬರುವ ಮೊದಲೇ ಇರುತ್ತವೆ. ಪಟ್ಟೆಚಿತ್ರ ಆ ಮಾತಿಗೂ ಪುಸ್ತಕದ ಭಿನ್ನರಾಶಿಗೂ ನಂಟು ಹಾಕುತ್ತದೆ.

ಈ ನಂಟು ತಾನಾಗಿ ಬೀಳುವುದಿಲ್ಲ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. ಬ್ರೆಜಿಲ್‌ನ ರೆಸಿಫೆ ನಗರದ ಬೀದಿಗಳಲ್ಲಿ ವ್ಯಾಪಾರ ಮಾಡುತ್ತಿದ್ದ ಐವರು ಮಕ್ಕಳನ್ನು ಕುರಿತು 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಂಶೋಧಕರು ಗಿರಾಕಿಗಳಂತೆ ಬಂದು ಕೇಳಿದ ಲೆಕ್ಕಗಳಲ್ಲಿ ಶೇಕಡ 98ರಷ್ಟನ್ನು ಅವರು ಸರಿಯಾಗಿ ಹೇಳಿದರು. ಅವೇ ಬಗೆಯ ಲೆಕ್ಕಗಳನ್ನು ಕಾಗದದ ಮೇಲೆ ಬರಿಯ ಅಂಕಿಗಳಾಗಿ ಕೊಟ್ಟಾಗ ಶೇಕಡ 37ರಷ್ಟು ಮಾತ್ರ ಸರಿಯಾದವು. 35ರಂತೆ ಹತ್ತು ತೆಂಗಿನಕಾಯಿಗೆ ಎಷ್ಟೆಂದು ಕೇಳಿದಾಗ 12 ವರ್ಷದ ಹುಡುಗನೊಬ್ಬ ಮೂರಕ್ಕೆ 105, ಇನ್ನೂ ಮೂರಕ್ಕೆ 210 ಎಂದು ಕೂಡುತ್ತ ಹೋಗಿ 350 ಎಂದ. ಒಂದು ಸೊನ್ನೆ ಸೇರಿಸುವ ಶಾಲೆಯ ನಿಯಮ ಅವನಿಗೆ ನೆನಪಾಗಲೇ ಇಲ್ಲ. 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ, ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡಫ್ಲೊ ಅವರೂ ಭಾಗಿಯಾಗಿದ್ದ ಅಧ್ಯಯನ ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳಲ್ಲೂ ಇದನ್ನೇ ಕಂಡಿತು. ಜೊತೆಗೆ, ಶಾಲೆಯಲ್ಲಷ್ಟೇ ಲೆಕ್ಕ ಕಲಿತ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಸೋಲುವುದನ್ನೂ ತೋರಿಸಿತು. ಸೇತುವೆ ಎರಡೂ ದಡದಿಂದ ಕಟ್ಟಬೇಕಾಗಿದೆ.

ಇಷ್ಟೆಲ್ಲ ಕೇಳಿದ ಶಿಕ್ಷಕರು ಎರಡು ಮಾತು ಹೇಳುತ್ತಾರೆ, ಎರಡೂ ನ್ಯಾಯವಾದವೇ. ಮೊದಲನೆಯದು, ಮಗ್ಗಿಯೇ ಬಾರದ ಮಕ್ಕಳು ಸಮಸ್ಯೆ ಬಿಡಿಸುವುದು ಹೇಗೆ ಎಂಬುದು. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಬೀಜಗಣಿತದ ಕಲಿಕೆಯ ಮೇಲೆ ಮಾಡಿದ ಪ್ರಯೋಗಗಳು, ಹೊಸಬರು ತಾವೇ ತಿಣುಕಾಡುವುದಕ್ಕಿಂತ ಬಿಡಿಸಿಟ್ಟ ಮಾದರಿಗಳನ್ನು ಗಮನವಿಟ್ಟು ಓದಿದಾಗ ಅಂಥವೇ ಲೆಕ್ಕಗಳನ್ನು ಬೇಗ ಕಲಿಯುತ್ತಾರೆ ಎಂದು ತೋರಿಸಿದವು. ಮನಸ್ಸು ಒಂದೇ ಸಲಕ್ಕೆ ಹೊರಬಲ್ಲ ಹೊರೆಗೆ ಮಿತಿಯಿದೆ ಎಂಬುದು ಅವರ ಕಾರಣ. ಇದನ್ನು ನಾನು ಒಪ್ಪುತ್ತೇನೆ. ಭಾಗಾಕಾರದ ಕ್ರಮವನ್ನು ಮಕ್ಕಳೇ ಕಂಡುಹಿಡಿಯಲೆಂದು ಕಾಯುವುದು ಮೂರ್ಖತನ, ಅದನ್ನು ಮಾಡಿ ತೋರಿಸಬೇಕು, ಮಾಡಿಸಬೇಕು, ಮತ್ತೆ ಮಾಡಿಸಬೇಕು. ಆದರೆ ಯಾವಾಗ ಭಾಗಿಸಬೇಕು ಎಂಬುದು ಭಾಗಾಕಾರದ ಅಭ್ಯಾಸದಿಂದ ಬರುವುದಿಲ್ಲ. ಬಾಳೆಹಣ್ಣಿನ ಪಾಠದ ದಿನ 23ರ ಮಗ್ಗಿಯನ್ನು ಹಲಗೆಯ ಒಂದು ಬದಿಯಲ್ಲಿ ಬರೆದಿಟ್ಟರೆ ಮಗ್ಗಿಯಲ್ಲಿ ಹಿಂದುಳಿದ ಮಗುವೂ ಆರರ ಇಳಿಕೆಯನ್ನು ಕಾಣಬಲ್ಲುದು. ಅಂದಿನ ಪರೀಕ್ಷೆ ಮಗ್ಗಿಯದಲ್ಲ. ಎರಡನೆಯ ಮಾತು, ಪೋರ್ಷನ್ ಮುಗಿಯುವುದಿಲ್ಲ ಎಂಬುದು. ಇಡೀ ಪಿರಿಯಡ್ಡನ್ನು ಒಂದೇ ಲೆಕ್ಕಕ್ಕೆ ದಿನವೂ ಕೊಡಲು ಯಾರಿಂದಲೂ ಆಗದು. ವಾರಕ್ಕೆ ಒಂದು ದಿನ ಕೊಟ್ಟರೂ ವರ್ಷಕ್ಕೆ ಮೂವತ್ತರ ಹತ್ತಿರ ಸಮಸ್ಯೆಗಳಾಗುತ್ತವೆ, ಅದು ಕಡಿಮೆಯಲ್ಲ.

ಪಾಠದ ಕೊನೆಯಲ್ಲಿ ಹೊಸ ಲೆಕ್ಕ ಹುಡುಕಿ ದಣಿಯುವ ಬದಲು ಲೆಕ್ಕ ಕಟ್ಟುವ ಕೆಲಸವನ್ನೇ ಮಕ್ಕಳಿಗೆ ಒಪ್ಪಿಸಬಹುದು. ನಾಲ್ಕನೇ ಅಥವಾ ಐದನೇ ತರಗತಿಗೆ 50ನ್ನು 8ರಿಂದ ಭಾಗಿಸಲು ಹೇಳಿ. ಭಾಗಲಬ್ಧ 6, ಶೇಷ 2 ಎಂದು ಎಲ್ಲರೂ ಬರೆದ ಮೇಲೆ, ಇದೇ ಭಾಗಾಕಾರಕ್ಕೆ ಉತ್ತರ 6 ಆಗುವಂಥ ಒಂದು ಕಥೆಯನ್ನೂ, 7 ಆಗುವಂಥ ಇನ್ನೊಂದನ್ನೂ, 2 ಆಗುವಂಥ ಮತ್ತೊಂದನ್ನೂ ಬರೆದು ತರಲು ಹೇಳಿ. ಎಂಟೆಂಟು ಲಾಡು ತುಂಬಿದ ಡಬ್ಬಿಗಳು ಎಷ್ಟಾದವು ಎಂಬಲ್ಲಿ ಉತ್ತರ 6. ಎಂಟು ಜನ ಕೂರುವ ಜೀಪಿನಲ್ಲಿ 50 ಮಂದಿ ಜಾತ್ರೆಗೆ ಹೋಗಬೇಕಾದರೆ 7. ಎಂಟು ಮಕ್ಕಳಿಗೆ ಹಂಚಿ ಮಿಕ್ಕ ಪೆನ್ಸಿಲ್ಲುಗಳನ್ನು ಮೇಡಂ ಬೀರುವಿನಲ್ಲಿ ಇಟ್ಟರೆ 2. ಆರೂಕಾಲು ಎಂಬ ಉತ್ತರ ಬರುವ ಕಥೆಯೂ ಇದೆಯೇ ಎಂದು ಕೇಳಿದರೆ ತುಸು ಹೊತ್ತು ಯಾರೂ ಮಾತನಾಡುವುದಿಲ್ಲ. ಹೊಲಿಗೆ ಗೊತ್ತಿರುವ ಮನೆಯ ಮಗುವೊಂದು 50 ಮೀಟರ್ ಬಟ್ಟೆಯ ಕಥೆಯೊಂದಿಗೆ ಕೈ ಎತ್ತುವವರೆಗೆ ಶಿಕ್ಷಕರೂ ಮಾತನಾಡದಿದ್ದರೆ ಒಳ್ಳೆಯದು.